ದವಡೆಯೊಳಗಿನ ತೊಟ್ಟಿಲು

ಬಸವಕಲ್ಯಾಣದ ಯಾವುದೋ ಮನೆಯಲ್ಲಿ ಊಟಕ್ಕೆ ಕೂತಿದ್ದೀರಿ, ಜೋಳದ ರೊಟ್ಟಿಯ ತುತ್ತಿನಲ್ಲಿ ಹರಳು ಸಿಕ್ಕಿತೆನ್ನಿ. ಸಾಸಿವೆಗಿಂತ ಸಣ್ಣದು, ಆದರೂ ದವಡೆ ತಟ್ಟನೆ ನಿಲ್ಲುತ್ತದೆ. ಹಲ್ಲಿನ ಹೊಳೆಯುವ ಮೇಲ್ಪದರಕ್ಕೆ ನರವೇ ಇಲ್ಲ. ಸುಳಿವು ಕೊಟ್ಟದ್ದು ಮುಖ್ಯವಾಗಿ ಬೇರಿನ ಸುತ್ತಲಿನ ಪೊರೆ. ದಪ್ಪ ಸುಮಾರು 0.2 ಮಿಲಿಮೀಟರ್. ವೈದ್ಯರ ಬಾಯಲ್ಲಿ ಅದು ಪೆರಿಯೊಡಾಂಟಲ್ ಲಿಗಮೆಂಟ್.

ಹಲ್ಲು ಎಲುಬಿಗೆ ಅಂಟಿಕೊಂಡಿದೆ ಎಂದೇ ಬಹಳ ಜನರ ಎಣಿಕೆ. ನಿಜದಲ್ಲಿ ದವಡೆಯ ಗುಳಿಯೊಳಗೆ ಅದು ಸಾವಿರಾರು ಎಳೆಗಳಲ್ಲಿ ತೂಗುತ್ತಿರುತ್ತದೆ. ಎಳೆಯ ಒಂದು ತುದಿ ಬೇರನ್ನು ಹೊದ್ದ ಸಿಮೆಂಟಮ್ ಪದರದಲ್ಲಿ, ಇನ್ನೊಂದು ಎಲುಬಿನಲ್ಲಿ ಹೂತಿದೆ. ಹೂತ ಆ ತುದಿಗಳಿಗೆ 19ನೇ ಶತಮಾನದ ಅಂಗರಚನಾ ತಜ್ಞ ವಿಲಿಯಂ ಶಾರ್ಪಿಯ ಹೆಸರಿದೆ.

ಬೇಲಿಯ ಮೇಲೆ ಕತ್ತು ಕುಣಿಸುವ ಓತಿಕ್ಯಾತಕ್ಕೆ ಈ ಭಾಗ್ಯವಿಲ್ಲ. ಅದರ ಹಲ್ಲು ಎಲುಬಿಗೇ ಬೆಸೆದಿದೆ. ನಮಗೆ ಬಂದದ್ದು ಹೇಗೆ? ಸಸ್ತನಿಗಳ ಪೂರ್ವಜರ ಪಳೆಯುಳಿಕೆಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಉತ್ತರ ಸಿಕ್ಕಿತು. ಅವುಗಳಲ್ಲಿ ಹಲ್ಲು ಮೊದಲು ಎಳೆಯಲ್ಲೇ ತೂಗುತ್ತಿತ್ತು, ಆಮೇಲೆ ಎಳೆ ಗಡುಸಾಗಿ ಎಲುಬಿನೊಂದಿಗೆ ಒಂದಾಗುತ್ತಿತ್ತು. ಸಸ್ತನಿಗಳ ಕಾಲಕ್ಕೆ ಆ ಕೊನೆಯ ಹಂತ ನಿಂತುಹೋಯಿತು. ಅರ್ಧಕ್ಕೆ ನಿಂತ ಆ ಕೆಲಸವೇ ನಮಗೆ ವರ! ಎರಡೇ ಸಲ ಹಲ್ಲು ಹುಟ್ಟುವ ನಮಗೆ ಪೆಟ್ಟು ತಾಳುವ, ಬೇಕಾದಾಗ ತುಸು ಸರಿಯುವ ಹಲ್ಲು ಬೇಕಲ್ಲವೇ. ತಂತಿ ಕಟ್ಟಿ ಸೊಟ್ಟ ಹಲ್ಲು ನೇರ ಮಾಡಲು ಆಗುವುದೂ ಇದರಿಂದಲೇ. ದುಬಾರಿ ಟೈಟಾನಿಯಂ ಇಂಪ್ಲಾಂಟ್‌ಗೆ ಈ ಪೊರೆ ಇರುವುದಿಲ್ಲ.

ಹುಮನಾಬಾದಿನಲ್ಲಿ ಡೆಂಟಲ್ ಕಾಲೇಜು ಇದೆ. ಈ ಎಳೆಗಳು ಗಟ್ಟಿಯಾಗಿವೆಯೇ ಎಂದು ತಿಳಿಯಲು ಅಲ್ಲಿ ಬಿಡಿಎಸ್ ಓದುವ ಮಕ್ಕಳು ಮಿಲಿಮೀಟರ್ ಗೆರೆಯ ಸಣ್ಣ ಕಡ್ಡಿಯನ್ನು ವಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಅಳೆಯಲು ಕಲಿಯುತ್ತಾರೆ. ಮೂರರವರೆಗೆ ಸರಿ. ಅದಕ್ಕಿಂತ ಆಳಕ್ಕೆ ಇಳಿದರೆ ಎಳೆಗಳು ಬಿಟ್ಟಿರುವ ಶಂಕೆ. ಎಳೆಗಳನ್ನು ಹೀಗೆ ಬಿಡಿಸುವ ವಸಡಿನ ರೋಗವನ್ನು ತಂಬಾಕು ಬೆಳೆಸುತ್ತದೆ. ಹಲ್ಲುಜ್ಜುವಾಗ ರಕ್ತ ಕಂಡರೆ ಅಲಕ್ಷ್ಯ ಮಾಡಬೇಡಿ, ಹಲ್ಲು ಅಲುಗಾಡುವವರೆಗೆ ಕಾಯಬೇಡಿ.

ಇನ್ನೊಂದು ಮಾತು. ಮಕ್ಕಳ ಹಾಲುಹಲ್ಲು ಬಿದ್ದರೆ ಮಾಳಿಗೆಯ ಮೇಲೆ ಎಸೆಯಿರಿ. ಆದರೆ ಆಟದಲ್ಲಿ ಪೆಟ್ಟು ಬಿದ್ದು ಎರಡನೆಯ ಸಲ ಹುಟ್ಟಿದ ಹಲ್ಲು ಉದುರಿದರೆ ಬೇರು ಉಜ್ಜಬೇಡಿ, ಬಟ್ಟೆಯಲ್ಲಿ ಒರೆಸಲೂಬೇಡಿ. ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ತಾಸಿನೊಳಗೆ ಹಲ್ಲಿನ ಡಾಕ್ಟರ ಹತ್ತಿರ ಓಡಿ. ಬೇರಿಗೆ ಅಂಟಿದ ಎಳೆಗಳಲ್ಲಿ ಆಗಿನ್ನೂ ಜೀವ ಇರುತ್ತದೆ.