ವಿದ್ಯುತ್ ಯೋಜನೆ ಮತ್ತು ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ: ಪಾವಗಡ ಕಲಿಸುವುದೇನು?

ಹೊಸ ವಿದ್ಯುತ್ ಯೋಜನೆಯೊಂದು ಬರುತ್ತದೆ ಎಂದಾಗ ಎಷ್ಟು ಮೆಗಾವ್ಯಾಟ್, ಎಷ್ಟು ಕೋಟಿ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಯೋಜನೆಯ ಮುಖ್ಯಸ್ಥರು ಯಾರನ್ನು ಕರೆದು ಮಾತನಾಡಿದರು, ಯಾರನ್ನು ಕರೆಯಲೇ ಇಲ್ಲ ಎಂಬ ಲೆಕ್ಕವನ್ನು ಇಡುವವರು ಕಡಿಮೆ. ಇಂಧನ ಕ್ಷೇತ್ರದಲ್ಲಿ ನೈತಿಕ ನಾಯಕತ್ವ ಎಂಬ ಮಾತು ಇತ್ತೀಚೆಗೆ ಸಭೆ, ವಿಚಾರಗೋಷ್ಠಿಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಅದರ ಅರ್ಥ ಏನೆಂದು ತಿಳಿಯಲು ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ನೋಡೋಣ.

ಹಳೆಯ ರೀತಿ ಹೇಗಿತ್ತು ಎಂಬುದು ಕರಾವಳಿಯವರಿಗೆ ಮತ್ತು ಘಟ್ಟದ ಮೇಲಿನವರಿಗೆ ಗೊತ್ತಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು, ನಾಡಿಗೆ ಬೆಳಕು ಬಂತು. ಮುಳುಗಡೆಯಾದ ಊರುಗಳ ಜನರು ಕಾಡಿನ ಬದಿಗೆ ಹೋಗಿ ನೆಲೆಸಿದರು. ಅವರಲ್ಲಿ ಅನೇಕ ಕುಟುಂಬಗಳು ತಾವು ಸಾಗುವಳಿ ಮಾಡುತ್ತಿರುವ ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಕಳೆದ ಮೇಲೂ ಹೋರಾಡಬೇಕಾಯಿತು.

ಪಾವಗಡದಲ್ಲಿ ಬೇರೆ ದಾರಿ ಹಿಡಿದರು. ತುಮಕೂರು ಜಿಲ್ಲೆಯ ಈ ತಾಲೂಕು ಮಳೆಯಿಲ್ಲದ ಸೀಮೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಾ ಕೂರುವ ರೈತರು, ಕೂಲಿಗಾಗಿ ಬೆಂಗಳೂರಿಗೆ ಹೋಗುವ ಯುವಕರು, ಇದು ಅಲ್ಲಿನ ಕಥೆ. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಆರಂಭಿಸಿದವು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಜಾಗ ಬೇಕಿತ್ತು. ನಿಗಮವು ಅದನ್ನು ಸ್ವಾಧೀನಪಡಿಸಿಕೊಳ್ಳಲೂ ಇಲ್ಲ, ಕೊಂಡುಕೊಳ್ಳಲೂ ಇಲ್ಲ. ದೀರ್ಘ ಅವಧಿಯ ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಭೂಮಿಯ ಒಡೆತನ ರೈತನದ್ದೇ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಇಡೀ ಪಾರ್ಕ್ 2,050 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ಸಿದ್ಧವಾಯಿತು.

ಇದು ಸಣ್ಣ ವಿಷಯವಲ್ಲ. ಪರಿಹಾರದ ಹಣ ಒಂದೇ ಗಂಟಾಗಿ ಬಂದರೆ ಅದು ಮದುವೆಗೆ, ಸಾಲಕ್ಕೆ, ಕಾರಿಗೆ ಎಂದು ಮೂರು ವರ್ಷದಲ್ಲಿ ಕರಗಿ, ಆಮೇಲೆ ಜಾಗವೂ ಇಲ್ಲ ಹಣವೂ ಇಲ್ಲ ಎಂಬ ಸ್ಥಿತಿಗೆ ಬಂದ ಕುಟುಂಬಗಳು ನಮ್ಮ ಸುತ್ತಮುತ್ತಲೇ ಇವೆ. ಪಾವಗಡದಲ್ಲಿ ಹತ್ತು ಎಕರೆ ಒಣಭೂಮಿ ಇದ್ದವನಿಗೆ ಮಳೆ ಬಂದರೂ ಬಾರದಿದ್ದರೂ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಬರುತ್ತದೆ. ಈ ಉಪಾಯವನ್ನು ಯೋಚಿಸಿದ ಅಧಿಕಾರಿಗಳನ್ನು ಮೆಚ್ಚಲೇಬೇಕು.

ಆದರೆ ಗೇಣಿ ಬಂದದ್ದು ಪಹಣಿಯಲ್ಲಿ, ಅಂದರೆ ನಮ್ಮ ಕಡೆ ಆರ್‌ಟಿಸಿ ಎನ್ನುವ ದಾಖಲೆಯಲ್ಲಿ, ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಏನೂ ಬರಲಿಲ್ಲ. ಇವರಲ್ಲಿ ದಲಿತ ಕುಟುಂಬದವರು ಮತ್ತು ಹೆಂಗಸರು ಹೆಚ್ಚು. ಸರಕಾರಿ ಜಾಗದಲ್ಲಿ ದಾಖಲೆ ಇಲ್ಲದೆ ಸಾಗುವಳಿ ಮಾಡುತ್ತಿದ್ದವರಿಗೂ ಬರಲಿಲ್ಲ. ಕುರಿ ಮೇಯಿಸುವವರಿಗೆ ಬಯಲಿಗೆ ಬೇಲಿ ಬಿತ್ತು. ಪಾರ್ಕಿನಲ್ಲಿ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು ಇಂಥ ಕೆಲಸಗಳು ಸಿಕ್ಕವು, ಆದರೆ ಹೊಲದ ಕೂಲಿ ಕಳೆದುಕೊಂಡ ಎಲ್ಲರಿಗೂ ಸಾಲುವಷ್ಟು ಅಲ್ಲ.

ಇಲ್ಲಿ ಕಾನೂನಿನ ಒಂದು ವಿಚಿತ್ರವಿದೆ. 2014ರ ಜನವರಿ 1ರಿಂದ ಜಾರಿಯಾದ ಭೂಸ್ವಾಧೀನ ಕಾಯ್ದೆಯು ತೊಂದರೆಗೊಳಗಾದ ಕುಟುಂಬ ಎಂಬ ಮಾತಿಗೆ ಜಮೀನಿನ ಒಡೆಯನನ್ನು ಮಾತ್ರ ಲೆಕ್ಕ ಹಿಡಿಯುವುದಿಲ್ಲ. ಮೂರು ವರ್ಷಗಳಿಂದ ಆ ಜಾಗದ ದುಡಿಮೆಯನ್ನೇ ಮುಖ್ಯವಾಗಿ ನಂಬಿದ್ದ ಕೃಷಿ ಕೂಲಿಗಳು, ಗೇಣಿದಾರರು, ಪಾಲಿಗೆ ಬೇಸಾಯ ಮಾಡುವವರು, ಕುಶಲಕರ್ಮಿಗಳು ಸಹ ಅದರೊಳಗೆ ಬರುತ್ತಾರೆ. ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು. ಪಾವಗಡದಲ್ಲಿ ಸ್ವಾಧೀನವೇ ಆಗಲಿಲ್ಲವಾದ್ದರಿಂದ ಈ ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲು ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ. ಬಿಸಿಲಿನಿಂದ ನೇರವಾಗಿ ವಿದ್ಯುತ್ ಮಾಡುವ ಫಲಕಗಳ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯಿಸದ ಕಾರಣ ಅದೂ ಇಲ್ಲ. ಹೀಗೆ ಭೂಮಾಲೀಕನಿಗೆ ಒಳ್ಳೆಯದಾದ ಕ್ರಮವೇ ಕೂಲಿಯವನನ್ನು ಲೆಕ್ಕದಿಂದ ಹೊರಗಿಟ್ಟಿತು. ಯಾರೂ ಕಾನೂನು ಮುರಿಯಲಿಲ್ಲ.

ನನ್ನ ಮಟ್ಟಿಗೆ ನೈತಿಕ ನಾಯಕತ್ವ ಎಂಬುದರ ಪ್ರಶ್ನೆ ಶುರುವಾಗುವುದು ಇಲ್ಲಿಯೇ, ಕಾನೂನು ಕೇಳದಿದ್ದಾಗ. ಲೆಕ್ಕ ಕಷ್ಟದ್ದೇನಲ್ಲ. 13,000 ಎಕರೆಗೆ ಆರಂಭದ ದರದಲ್ಲಿ ಗೇಣಿಯೇ ವರ್ಷಕ್ಕೆ 27 ಕೋಟಿ ರೂಪಾಯಿ ದಾಟುತ್ತದೆ. ಎಕರೆಗೆ ಇನ್ನೊಂದು ಸಾವಿರವನ್ನು ಭೂಮಿಯಿಲ್ಲದವರ ಹೆಸರಿಗೆಂದು ಒಪ್ಪಂದದಲ್ಲೇ ಬರೆದಿದ್ದರೆ ಪ್ರತಿ ವರ್ಷ 1.3 ಕೋಟಿ ಆಗುತ್ತಿತ್ತು. ಊರಿನ ಶಾಲೆ, ರಸ್ತೆಗೆ ಹಣ ಕೊಡುವುದು ಒಳ್ಳೆಯದೇ, ಆದರೆ ಹೋದ ಕೂಲಿಗೆ ರಸ್ತೆ ಬದಲಿಯಲ್ಲ. ಇಂಥ ಮಾತು ಒಪ್ಪಂದಕ್ಕೆ ಮೊದಲು ಬರಬೇಕಾದರೆ ಕೂಲಿಯ ಹೆಂಗಸೊಬ್ಬಳಾದರೂ ಸಭೆಯಲ್ಲಿ ಕುರ್ಚಿ ಹಾಕಿ ಕುಳಿತಿರಬೇಕು. ನಮ್ಮ ವಾರ್ಡುಗಳ ಗುರಿಕಾರರು ಮನೆ ಲೆಕ್ಕ ಬರೆಯುವಾಗ ಬಾಡಿಗೆ ಮನೆಯವರನ್ನು ಬಿಡುತ್ತಾರೆಯೇ? ಅಷ್ಟೇ ಸಣ್ಣ ಜಾಗ್ರತೆ ಇದು.

ದಾಖಲೆ ಇಲ್ಲದವರಿಂದಲೇ ಆರಂಭಿಸಿದ ಉದಾಹರಣೆಯೂ ಇದೇ ಕ್ಷೇತ್ರದಲ್ಲಿ, ಇದೇ ರಾಜ್ಯದಲ್ಲಿ ಇದೆ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದವರಲ್ಲಿ ಒಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಒಂದು ಅನುಭವವನ್ನು ಹೇಳುತ್ತಿರುತ್ತಾರೆ. ಸೌರ ದೀಪಕ್ಕೆ ತಿಂಗಳಿಗೆ ಮುನ್ನೂರು ರೂಪಾಯಿ ಎಂದಾಗ ಬೀದಿ ವ್ಯಾಪಾರಿ ಮಹಿಳೆಯೊಬ್ಬರು ತನ್ನಿಂದಾಗದು ಎಂದರಂತೆ, ದಿನಕ್ಕೆ ಹತ್ತು ರೂಪಾಯಿಯಾದರೆ ಕೊಡಬಲ್ಲೆ ಎಂದರಂತೆ. ಮೊತ್ತ ಒಂದೇ. ಆದರೆ ಸಂಪಾದನೆ ದಿನದಿನದ್ದು. ಬಳಿಕ ದೀಪಕ್ಕೆ ಸಾಲ ಕೊಡುವಂತೆ ಅವರು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸುತ್ತಾ, ಕಂತನ್ನು ಜನರ ಸಂಪಾದನೆಯ ರೀತಿಗೆ ಹೊಂದಿಸುತ್ತಾ ಹೋದರು. ನಮ್ಮ ಕರಾವಳಿಗೆ ಇದು ಹೊಸದಲ್ಲ. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಸಂಗ್ರಹಿಸಿದ್ದರ ಹಿಂದೆ ಇದ್ದದ್ದೂ ಇದೇ ತಿಳಿವಳಿಕೆ.

ಸಮಾಜಸೇವೆಯಲ್ಲಿ ಇರುವವರಿಗೆ ಉಪಯೋಗವಾಗುವ ಒಂದು ವಿಷಯ ಹೇಳುವುದು ಬಾಕಿ ಇದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಅಹವಾಲು ಸಭೆ ಕಡ್ಡಾಯವಾಗಿರುವ ಯಾವ ಯೋಜನೆ ನಿಮ್ಮ ಊರಿಗೆ ಬಂದರೂ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟೀಸು ಬರಬೇಕು. ಬಾಡಿಗೆ ಮನೆಯವರು, ಮೀನು ಮಾರುವವರು, ತೋಟದ ಕೆಲಸದವರು ಅಲ್ಲಿ ಮಾತನಾಡಬಹುದು, ಆರ್‌ಟಿಸಿ ತೋರಿಸಬೇಕಾಗಿಲ್ಲ. ಬರೆದು ಕೊಡಲೂಬಹುದು. ಸಭೆಯ ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಓದುವವರೆಗೂ ಕುಳಿತಿದ್ದು, ತಾವು ಹೇಳಿದ ಮಾತು ಅದರಲ್ಲಿ ಬಂದಿದೆಯೇ ಎಂದು ಕೇಳಿಕೊಂಡೇ ಏಳಬೇಕು.