ಇಂಜಿನ್ ಬಿಸಿಯೇರುತ್ತಿದೆಯೇ? ನೀರಿನ ದಾರಿಯ ಗಾಳಿ ತೆಗೆಯಿರಿ

ಆಯನೂರು ಹೋಬಳಿಯ ಹಳ್ಳಿಗಳಲ್ಲಿ ಈಗ ಕಾರು ಅಪರೂಪದ ವಸ್ತುವಲ್ಲ. ಪೇಟೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿಬರಲು, ರಾತ್ರಿಹೊತ್ತು ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸಲು ಎಷ್ಟೋ ಮನೆಗಳಿಗೆ ಅದೇ ಆಧಾರ. ಇಂಥ ಕಾರಿನ ರೇಡಿಯೇಟರ್ ಪೈಪು ಹಳತಾಗಿ ಒಡೆಯಿತೆನ್ನಿ. ಹೊಸ ಪೈಪು ಹಾಕಿಸಿ, ಕೂಲಂಟ್ ತುಂಬಿಸಿ ಮನೆಗೆ ತರುತ್ತೀರಿ. ಸಮತಟ್ಟು ರಸ್ತೆಯಲ್ಲಿ ತೊಂದರೆ ಕಾಣುವುದಿಲ್ಲ. ರಿಪ್ಪನ್‌ಪೇಟೆ, ಹೊಸನಗರದ ಮೇಲೆ ಕರಾವಳಿಗೆ ಹೋಗಿ, ಮರಳುವಾಗ ಹುಲಿಕಲ್ ಘಾಟಿ ಏರುವಲ್ಲಿ ಮಾತ್ರ ಶಾಖದ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಕೂಲಂಟ್ ಹೊಸದು, ಸೋರಿಕೆಯೂ ಇಲ್ಲ. ಹಾಗಾದರೆ ಕಾರಣವೇನು? ಅನೇಕ ವೇಳೆ ಕಾರಣ, ತುಂಬಿಸುವಾಗ ಒಳಗೆ ಸಿಕ್ಕಿಕೊಂಡ ಗಾಳಿ.

ಗಾಳಿ ಏನು ಮಾಡುತ್ತದೆ?

ಹಳ್ಳದಿಂದ ನೀರೆತ್ತುವ ಪಂಪ್‌ಸೆಟ್‌ನಲ್ಲಿ ಗಾಳಿ ಸೇರಿದರೆ ಪಂಪು ತಿರುಗಿದರೂ ನೀರು ಬಾರದೆಂಬುದು ರೈತರಿಗೆ ಗೊತ್ತು. ತೋಟದ ಕೊಳವೆ ಸಾಲಿನ ಎತ್ತರದ ಜಾಗದಲ್ಲಿ ಗಾಳಿ ಬಿಡುವ ವಾಲ್ವ್ ಇಡುವುದೂ ಇದೇ ಕಾರಣಕ್ಕೆ. ಕಾರಿನಲ್ಲಿಯೂ ಸಣ್ಣ ಪಂಪೊಂದು ಕೂಲಂಟನ್ನು ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತಿಸುತ್ತದೆ. ಗಾಳಿ ಹಗುರವಾದ್ದರಿಂದ ಎತ್ತರದ ಜಾಗ ಹಿಡಿಯುತ್ತದೆ. ಇಂಜಿನ್ನಿನ ಎತ್ತರದ ಭಾಗವೆಂದರೆ ಹೆಡ್. ಅತಿ ಹೆಚ್ಚು ಶಾಖ ಹುಟ್ಟುವುದೂ ಅಲ್ಲಿಯೇ. ಗಾಳಿ ಕುಳಿತ ಕಡೆ ಕೂಲಂಟ್ ತಾಗದು, ಶಾಖ ಹೊರಹೋಗದು.

ಇನ್ನೊಂದು ತೊಂದರೆಯೂ ಇದೆ. ಥರ್ಮೋಸ್ಟಾಟ್ ಎಂಬ ಬಾಗಿಲು ಸುಮಾರು 80ರಿಂದ 90 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಅದಕ್ಕೆ ದ್ರವದ ಬದಲು ಗಾಳಿ ತಾಗಿದರೆ ತೆರೆಯುವುದು ತಡವಾಗುತ್ತದೆ. ಶಾಖ ಅಳೆಯುವ ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಈಗಿನ ಬಹುತೇಕ ಕಾರುಗಳಲ್ಲಿ ಹೆಡ್ ಅಲ್ಯೂಮಿನಿಯಂ ಲೋಹದ್ದು. ಅತಿಯಾಗಿ ಕಾದರೆ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಆಗ ಇಂಜಿನ್ ಬಿಚ್ಚದೆ ಗತ್ಯಂತರವಿಲ್ಲ.

ಹಳೆಯ ಜೀಪುಗಳಲ್ಲಿ ರೇಡಿಯೇಟರಿನ ಬಾಯಿ ಎತ್ತರದಲ್ಲಿದ್ದು ಗಾಳಿ ತಾನಾಗಿ ಹೊರಬರುತ್ತಿತ್ತು. ಈಗಿನ ಅನೇಕ ಕಾರುಗಳ ಮೂತಿ ತಗ್ಗಾಗಿದ್ದು, ಗಾಳಿಯನ್ನು ನಾವೇ ಹೊರಡಿಸಬೇಕು.

ಗುರುತುಗಳು

ಶಾಖದ ಮುಳ್ಳು ಹಠಾತ್ತನೆ ಏರಿ ಇಳಿಯುವುದು. ಇಂಜಿನ್ ಬಿಸಿಯಾಗಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬರುವುದು. ಒಳಗೆ ಗುಳುಗುಳು ಸದ್ದು. ಸೋರಿಕೆಯಿಲ್ಲದೆ ಮರುದಿನ ಮಟ್ಟ ಇಳಿದಿರುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಗಾಳಿಯ ಸಂಶಯ ಪಡಬೇಕು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿ ಇಂಜಿನ್ ಶುರುವಾಗದಿರುವುದು ಬೇರೆ ದೋಷ, ಎರಡನ್ನೂ ಬೆರೆಸಬಾರದು.

ಗಾಳಿ ತೆಗೆಯುವ ಕ್ರಮ

1. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೆಳಗಿನ ಹೊತ್ತು ಉತ್ತಮ. ಕೆಲಸ ಬಯಲಲ್ಲಿ ಮಾಡಿರಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಪ್ರಾಣಕ್ಕೆ ಅಪಾಯ.

2. ಕಾರಿನ ಮೂತಿ ಮೇಲಾಗುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ.

3. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎ.ಸಿ. ನಿಲ್ಲಿಸಿ.

4. ಗಾಳಿ ಬಿಡುವ ತಿರುಪು ಇದ್ದರೆ ಸ್ವಲ್ಪ ಸಡಿಲಿಸಿ. ಅದು ಎಲ್ಲಿದೆಯೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಎಲ್ಲ ಕಾರುಗಳಲ್ಲೂ ಇರುವುದಿಲ್ಲ.

5. ಆಲಿಕೆ ಇಟ್ಟು ಕೂಲಂಟನ್ನು ನಿಧಾನವಾಗಿ ಹೊಯ್ಯಿರಿ. ಅವಸರದಲ್ಲಿ ಹೊಯ್ದರೆ ಗಾಳಿ ಒಳಗೇ ಉಳಿಯುತ್ತದೆ. ತಿರುಪಿನಿಂದ ಗುಳ್ಳೆಯಿಲ್ಲದ ಧಾರೆ ಬಂದೊಡನೆ ಬಿಗಿಮಾಡಿ.

6. ಮುಚ್ಚಳ ತೆರೆದೇ ಇಂಜಿನ್ ಶುರುಮಾಡಿ, ನಿಧಾನ ವೇಗದಲ್ಲಿ ಓಡಲಿ. ಗುಳ್ಳೆಗಳು ಎದ್ದು ಮಟ್ಟ ಇಳಿದಂತೆಲ್ಲ ಕೂಲಂಟ್ ಸೇರಿಸಿ. ದ್ರವ ಉಕ್ಕಿಬರುವ ಸೂಚನೆ ಕಂಡರೆ ಇಂಜಿನ್ ನಿಲ್ಲಿಸಿ ದೂರ ಸರಿಯಿರಿ.

7. ಮೇಲಿನ ಪೈಪು ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತೆಂದು ಅರ್ಥ. ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ಹೀಟರಿನಿಂದ ಬಿಸಿಗಾಳಿ ಬರತೊಡಗಿ, ಗುಳ್ಳೆ ನಿಂತರೆ ಕೆಲಸ ಮುಗಿಯಿತು.

8. ಇಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಮಟ್ಟ ಸರಿಪಡಿಸಿ ಮುಚ್ಚಳ ಹಾಕಿ. ಹತ್ತಿರದಲ್ಲೇ ಸ್ವಲ್ಪ ದೂರ ಓಡಿಸಿ ಬಂದು, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಮಟ್ಟ ನೋಡಿ.

ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ವಿದ್ಯುತ್ ಫ್ಯಾನು ಇಂಜಿನ್ ನಿಂತ ಮೇಲೂ ತಿರುಗಬಹುದು; ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಕೆಲಸಕ್ಕೆ ಬಗ್ಗಿರಿ.

ಬಿಸಿ ಮುಚ್ಚಳ ತೆರೆಯಬೇಡಿ

ಸುಮಾರು 600 ಮೀಟರ್ ಎತ್ತರದ ನಮ್ಮ ಭಾಗದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ 100 ಡಿಗ್ರಿ ದಾಟಿದರೂ ಕೂಲಂಟ್ ಕುದಿಯದೆ ನಿಲ್ಲುತ್ತದೆ. ಆಗ ಮುಚ್ಚಳ ತೆರೆದರೆ ಒತ್ತಡ ತಪ್ಪಿ, ದ್ರವ ಒಮ್ಮೆಗೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಘಾಟಿಯಲ್ಲಿ ಕಾರು ಕಾದರೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ತಾಸು ಹೊತ್ತಾದರೂ ತಾಳಿರಿ. ಕಾದ ಇಂಜಿನ್ನಿಗೆ ಹಳ್ಳದ ತಣ್ಣೀರು ಹೊಯ್ದರೆ ಲೋಹ ಸೀಳುವ ಸಂಭವವಿದೆ.

ಕೊಳವೆಬಾವಿಯ ಗಡಸು ನೀರು ಬಳಸಬೇಡಿ. ಪಾತ್ರೆಗೆ ಕಟ್ಟುವ ಸುಣ್ಣದ ಪದರ ಇಂಜಿನ್ನಿಗೂ ಕಟ್ಟುತ್ತದೆ. ಕೈಪಿಡಿ ಹೇಳಿದ ಕೂಲಂಟನ್ನು ಭಟ್ಟಿ ಇಳಿಸಿದ ನೀರಿನೊಡನೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ನಮ್ಮಲ್ಲಿ ಹಿಮ ಬೀಳದಿದ್ದರೂ ತುಕ್ಕು ತಡೆಯಲು ಅದು ಬೇಕು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ಕಡು ವಿಷ. ನಾಯಿ, ದನಕರು ನೆಕ್ಕಿದರೆ ಸಾಯಬಹುದು. ಆದ್ದರಿಂದ ಚೆಲ್ಲಿದ್ದನ್ನು ಮಣ್ಣು ಹಾಕಿ ಬಳಿದು ತೆಗೆಯಿರಿ. ಬಸಿದದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತಿಡಿ.

ಗಾಳಿ ಮತ್ತೆ ಮತ್ತೆ ಸೇರಿದರೆ

ಒಮ್ಮೆ ಸರಿಯಾಗಿ ತೆಗೆದ ಗಾಳಿ ಮರಳಿ ಬರಬಾರದು. ಬಂದರೆ ಎಲ್ಲೋ ದಾರಿಯಿದೆಯೆಂದೇ ತಿಳಿಯಿರಿ. ಪೈಪಿನ ಕ್ಲಿಪ್ಪು, ಮುಚ್ಚಳದ ರಬ್ಬರು, ಪಂಪಿನ ಸೀಲು ಮೊದಲು ನೋಡಬೇಕು. ಗುಳ್ಳೆಗಳು ನಿಲ್ಲದೇ ಏಳುತ್ತಿದ್ದರೆ, ತಣ್ಣನೆಯ ಇಂಜಿನ್ ಶುರುಮಾಡಿದೊಡನೆ ಪೈಪು ಗಟ್ಟಿಯಾದರೆ, ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿ ಸುಟ್ಟ ಅನಿಲ ಕೂಲಂಟಿಗೆ ನುಗ್ಗುತ್ತಿರುವ ಸಂಶಯವಿದೆ. ಆಗ ಗಾಳಿ ತೆಗೆಯುತ್ತ ದಿನ ಕಳೆಯದೆ, ಓಡಿಸುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ನಿಂದ ಒತ್ತಡ ಪರೀಕ್ಷೆ ಮಾಡಿಸಿ. ಈ ಹಂತದಲ್ಲಿ ಗ್ಯಾಸ್ಕೆಟ್‌ಗೆ ಮುಗಿಯುವ ಖರ್ಚು, ಕಾದ ಕಾರನ್ನು ಇನ್ನೊಂದು ಘಾಟಿ ಹತ್ತಿಸಿದರೆ ಇಡೀ ಇಂಜಿನ್ನಿಗೆ ಹೋಗುತ್ತದೆ.