ಬತ್ತುವ ಗುಂಡಿಯನ್ನೇ ನಂಬಿದ ಕಪ್ಪೆಗಳು

ದಾವಣಗೆರೆ-ಹರಿಹರ ಸೀಮೆಯಲ್ಲಿ ಕಪ್ಪೆಗಳಿಗೆ ಎರಡು ಬಗೆಯ ಬದುಕಿದೆ. ಭದ್ರಾ ನಾಲೆಯ ನೀರುಂಡ ಗದ್ದೆಯಲ್ಲಿ ಗೂಳಿಗಪ್ಪೆಗೆ ತೇವಕ್ಕೆ ಬರವಿಲ್ಲ. ಮುಂಗಾರು ಶುರುವಾದರೆ ಗಂಡು ನಿಂಬೆಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿಯ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ನಾಲೆ ಮುಟ್ಟದ ಖುಷ್ಕಿ ಹೊಲದ ಕಪ್ಪೆಗೆ ಆ ಭಾಗ್ಯವಿಲ್ಲ.

ಬಯಲುನಾಡಿನ ಬಿಲಗಪ್ಪೆಗಳು ಈ ಎರಡನೆಯ ಬಗೆಯವು. ವಿಜ್ಞಾನಿಗಳು ಸ್ಫೀರೊಥೀಕಾ ಎಂದು ಕರೆಯುವ ಈ ಕುಲದ ಕಪ್ಪೆಗಳ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟಿರುತ್ತದೆ. ಅದರಿಂದ ಮಣ್ಣು ಕೆದರುತ್ತ, ಹಿಮ್ಮುಖವಾಗಿ ನೆಲಕ್ಕಿಳಿಯುತ್ತವೆ. ವರ್ಷದ ಹೆಚ್ಚು ಕಾಲ ಕಣ್ಣಿಗೆ ಬೀಳದ ಕಾರಣ ಇವುಗಳ ಪರಿಚಯ ಇನ್ನೂ ಮುಗಿದಿಲ್ಲ: ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಒಂದು ಪ್ರಭೇದಕ್ಕೆ 2020ರಲ್ಲಷ್ಟೇ ಆ ಊರಿನದೇ ಹೆಸರಿಟ್ಟು ವಿವರಿಸಲಾಯಿತು.

ಇದೇ ಉಪಾಯ ದಕ್ಷಿಣ ಅಮೆರಿಕದಲ್ಲೂ ಇದೆ. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾಗಳಿಗೆ ಹಬ್ಬಿದ ಚಾಕೊ ಬಯಲಿನಲ್ಲಿ ಲೆಪಿಡೊಬಟ್ರಾಕಸ್ ಎಂಬ ಕುಲದ ಮೂರು ಪ್ರಭೇದಗಳಿವೆ. ಎರಡನ್ನು 1899ರಲ್ಲಿ ಬಜೆಟ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ವಿವರಿಸಿದರು. ಮೂರನೆಯದು 1963ರಲ್ಲಿ ಸೇರಿತು. ಹೊಂಡ ಬತ್ತತೊಡಗಿದರೆ ಇವು ಕೆಸರಿನೊಳಗೆ ಹೂತುಕೊಂಡು, ತಮ್ಮದೇ ಪೊರೆಯನ್ನು ಪದರಪದರವಾಗಿ ಹೊದ್ದು ಮೈತೇವ ಕಾಯ್ದುಕೊಳ್ಳುತ್ತವೆ. ನೀರು ಬತ್ತುವುದರೊಳಗೆ ಬೆಳೆಯಬೇಕಾದ ಗೊದಮೊಟ್ಟೆಗಳು ಬೇರೆ ಗೊದಮೊಟ್ಟೆಗಳನ್ನೇ ಇಡಿಯಾಗಿ ನುಂಗುತ್ತವೆ. ನಮ್ಮ ಬಿಲಗಪ್ಪೆಗೂ ಇವಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಮಳೆ ಅಪರೂಪವಾದ ನೆಲ ಇಬ್ಬರಿಗೂ ಒಂದೇ ಪಾಠ ಕಲಿಸಿದೆ.

ಇಷ್ಟು ಕಷ್ಟಪಡುವ ಬದಲು ಬಿಲಗಪ್ಪೆ ನಮ್ಮ ಸೀಮೆಯ ಕೊಂಡಜ್ಜಿ ಕೆರೆಯಂಥ ಕಡೆ ಮೊಟ್ಟೆ ಇಡಬಾರದೇ ಎನಿಸಬಹುದು. ವರ್ಷವಿಡೀ ನೀರಿರುವಲ್ಲಿ ಮೀನಿರುತ್ತದೆ, ಮೀನಿಗೆ ಗೊದಮೊಟ್ಟೆ ಸುಲಭದ ತುತ್ತು. ಮಳೆಗೆ ತುಂಬಿ, ಕೆಲವು ವಾರಕ್ಕೆ ಬತ್ತುವ ಗುಂಡಿಯಲ್ಲಿ ಮೀನು ಬಾಳದು. ಅದು ಬತ್ತುವುದೇ ಕಪ್ಪೆಗೆ ರಕ್ಷೆ.

ನಾವು ಮೊದಲು ಮುಚ್ಚುವುದೂ ಅದನ್ನೇ. ಕೆರೆಗೆ ಏರಿಯಿದೆ, ಹೆಸರಿದೆ, ದಾಖಲೆಯಿದೆ. ಬಡಾವಣೆಗೆಂದು ಹೊಲ ಮಟ್ಟ ಮಾಡುವಾಗ ಮಳೆಗುಂಡಿಗೆ ಒಂದು ಟಿಪ್ಪರ್ ಮಣ್ಣು ಸಾಕು. ಕಪ್ಪೆಕಾಲಿನ ರಫ್ತನ್ನು ದೇಶ 1987ರಲ್ಲಿ ನಿಷೇಧಿಸಿತು. ಹಿಡಿದು ಮಾರುವವರನ್ನು ಕಾನೂನು ತಡೆದೀತು. ತಗ್ಗನ್ನು ತಗ್ಗಾಗಿ ಉಳಿಸುವುದು ಹೊಲದವರ, ನಗರ ಯೋಜನೆ ಬರೆಯುವವರ ಕೈಲಿದೆ. ಮಳೆಗಾಗಿ ಕಪ್ಪೆಗಳ ಮದುವೆ ಮಾಡುವ ನಾಡು, ಅವು ಸಂಸಾರ ಹೂಡಲು ಒಂದಿಷ್ಟು ಗುಂಡಿಯನ್ನೂ ಬಿಡಬೇಕು.